ಅತ್ತೆ ಎತ್ತಿದ ಸ್ಟೂಲು

ನಾನು ಬಾಯಿ ತೆರೆದರೆ ಮೂರು ಬೀದಿಯಾಚೆ ಗಾಜು ಒಡೆಯುತ್ತದೆ. ನನ್ನ ಸೋದರತ್ತೆ ವರ್ಷಕ್ಕೆ ಒಂದೇ ಮಾತಾಡುತ್ತಾರೆ. ಇಬ್ಬರೂ ಒಂದೇ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತೇವೆ.

ಅಲ್ಲಿನ ಮುದಿ ಟೈಲರ್ ತಾತನ ಕೈ ನಡುಗತೊಡಗಿತ್ತು.

"ಸೂಜಿಗೆ ದಾರ ಪೋಣಿಸೋದ್ರೊಳಗೆ ಸಂಜೆ ಆಗುತ್ತೆ. ನಾಳೆಯಿಂದ ಬರೋದು ಬೇಡ ತಾತ," ಎಂದ ಮಾಲೀಕ.

ನಾನು ಛಾವಣಿ ಹಾರಿಹೋಗುವಂಥ ಭಾಷಣ ಬಿಗಿದೆ. ಮಾಲೀಕ ಆಕಳಿಸಿದ.

ಅತ್ತೆ ಸ್ಟೂಲು ಎತ್ತಿಕೊಂಡು ಬಂದು ತಾತನ ಪಕ್ಕ ಕೂತರು. ಅವರ ಸೂಜಿಗೆ ದಾರ ಪೋಣಿಸಿಕೊಟ್ಟು ತಮ್ಮ ಗುಂಡಿ ಹೊಲಿಯತೊಡಗಿದರು. ಕಾಜಾ ಹಾಕುವವಳೂ ಸ್ಟೂಲು ಎತ್ತಿದಳು. ನೋಡನೋಡುತ್ತ ಅಂಗಡಿಯೇ ತಾತನ ಸುತ್ತ ಕೂತಿತ್ತು. ಆ ಕಡೆ ಮಾಲೀಕನೊಬ್ಬನೇ ಕೋಟು ನೇತುಹಾಕುವ ಗೂಟದಂತೆ ನಿಂತಿದ್ದ.

"ಆ ದೀಪನೂ ಈಚೆ ಎಳೀರಿ. ನಾಳೆಯಿಂದ ತಾತಂಗೆ ಅದರಡೀಲೇ ಜಾಗ," ಎಂದ ಕೊನೆಗೆ.

"ನನ್ನ ಭಾಷಣದ ಏಟು ನೋಡಿದ್ರಾ ಅತ್ತೆ?"

"ಹೂಂ," ಎಂದರು.

ಆ ವರ್ಷದ ಮಾತನ್ನು ನನಗಾಗಿಯೇ ಖರ್ಚು ಮಾಡಿದರು. ಅಂಥವರ ಸೋದರಳಿಯ ನಾನು.