ಐದನೆಯ ಕಲ್ಲು

"ಬಾಂದುಕಲ್ಲು ಎಲ್ಲೈತೆ, ಅದನ್ನ ಮೊದ್ಲು ತೋರ್ಸ್ರಿ," ಎಂದು ಸರ್ವೆಯರ್ ಮುರುಗೇಶಪ್ಪ ಮತ್ತೆ ಕೇಳಿದಾಗ ನಿಂಗಕ್ಕ ಬದುವಿನ ಮೇಲೆ ಕುಕ್ಕರಿಸಿದಳು. ನಿಂತು ಜಗಳವಾಡುವ ಕಸುವು ಅವಳಿಗಿರಲಿಲ್ಲ.

"ಅವರ್ನೇ ಕೇಳ್ರಿ. ಕಿತ್ತಾಕಿದೋರು ಅವ್ರೇ," ಎಂದ ಪಕ್ಕದ ಹೊಲದ ಮೂರ್ತಪ್ಪ, ಅವಳ ಕಡೆ ನೋಡದೆ.

"ನಾನೇನ್ ಕಲ್ಲ ಬೇಯ್ಸ್ಕಂಡು ತಿಂದ್ನಾ?"

ಮಾತು ಹಳೆಯದು. ಹಿರೇಗುಂಟನೂರಿನ ಈ ಎರಡು ಎರೆಹೊಲಗಳ ನಡುವೆ ಗಡಿಗೆ ನೆಟ್ಟಿದ್ದ ಬಾಂದುಕಲ್ಲು ಕಾಣೆಯಾಗಿದೆ ಎಂದು ಗೊತ್ತಾದಾಗಿನಿಂದ ಎರಡೂ ಮನೆಯವರು ಇದನ್ನೇ ಆಡಿಕೊಂಡು ಬಂದಿದ್ದರು. ನಿಂಗಕ್ಕನ ಗಂಡ ಕಾಟಪ್ಪ ಚಿತ್ರದುರ್ಗದ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ, ಹೋದ ಬೇಸಿಗೆಯಲ್ಲಿ ತಾನೇ ಸವೆದು ಹೋದ. ಬದುವಿನ ಪಕ್ಕದಲ್ಲೇ, ಬನ್ನಿಮರದ ನೆರಳು ತಾಕುವ ಕಡೆ ಅವನನ್ನು ಮಣ್ಣು ಮಾಡಿ, ಮೇಲೊಂದು ಗಿಡ್ಡನೆಯ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದಳು. ಮೂರ್ತಪ್ಪನ ಮನೆಯಿಂದ ಒಬ್ಬರೂ ಮಣ್ಣಿಗೆ ಬಂದಿರಲಿಲ್ಲ.

ಈಗ ಮೂರ್ತಪ್ಪ ತಂತಿಬೇಲಿ ಹಾಕಲು ಕಲ್ಲುಕಂಬ ತಂದು ಇಳಿಸಿದ್ದ. ಅಳತೆ ಒಂದಿಷ್ಟು ಈಚೆ ಸರಿದರೂ ಸಾಕು, ಕಾಟಪ್ಪ ಬೇಲಿಯ ಆಚೆ ಹೋಗುತ್ತಾನೆ. ಹೊಲ ಹೋದರೆ ಹಾಳಾಗಿ ಹೋಗಲಿ, ಗಂಡನ ಸಮಾಧಿಯೊಂದು ತನ್ನ ಕಡೆ ಉಳಿಯಲಿ, ಅಷ್ಟೇ ಅವಳ ಆಸೆ.

ಮಧ್ಯಾಹ್ನ ಮುರುಗೇಶಪ್ಪ ಬುತ್ತಿ ಹಿಡಿದು ಬನ್ನಿಮರದ ಬುಡಕ್ಕೆ ಹೋದ. ಅಲ್ಲಿ ಪಾಂಡವರು ಸಾಲಾಗಿ ಕುಂತಿದ್ದರು. ಪಾಂಡವರೆಂದರೆ ಐದು ಕಲ್ಲು. ಸೀಗೆ ಹುಣ್ಣಿಮೆಗೆ ಅವಕ್ಕೆ ಸುಣ್ಣ ಬಳಿದು, ಎಡೆ ಇಟ್ಟು, ಆ ಎಡೆಯನ್ನೇ ಹೊಲದ ಸುತ್ತ ಚರಗವೆಂದು ಚೆಲ್ಲುವುದು. ಹಿಂದೆ ಎರಡೂ ಮನೆಯವರು ಇಲ್ಲೇ ಒಟ್ಟಿಗೆ ಉಣ್ಣುತ್ತಿದ್ದರು. ಕೋರ್ಟು ಹತ್ತಿದ ಮೇಲೆ ಮೂರ್ತಪ್ಪನ ಹೆಂಡತಿ ಕೆಂಚಕ್ಕ ತನ್ನ ಹೊಲದ ಆ ತುದಿಯಲ್ಲಿ ಐದು ಮಣ್ಣಹೆಂಟೆ ಇಟ್ಟು ಅವನ್ನೇ ಪಾಂಡವರೆಂದು ಕೈಮುಗಿಯತೊಡಗಿದಳು. ಎರೆಹೊಲದಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ.

ಉಂಡು ಕೈತೊಳೆದ ಮುರುಗೇಶಪ್ಪ ಕಲ್ಲುಗಳನ್ನೇ ನೋಡುತ್ತಾ ನಿಂತ. "ಇವ್ನೊಬ್ಬ ಯಾಕೆ ಇಷ್ಟುದ್ದ ಅವ್ನೆ?"

"ಅವ್ನು ಧರ್ಮರಾಯ," ಎಂದಳು ನಿಂಗಕ್ಕ.

ಅವನು ಚಪ್ಪಲಿ ಬಿಟ್ಟು, ಧರ್ಮರಾಯನಿಗೊಂದು ಕೈಮುಗಿದು, ಬೈಕಿನ ಕೀಲಿಯಿಂದ ಅವನ ನೆತ್ತಿ ಕೆರೆದ. ವರ್ಷ ವರ್ಷದ ಸುಣ್ಣ ಪದರ ಪದರವಾಗಿ ಉದುರಿತು. ಕೆಳಗೆ ಉಳಿಯಲ್ಲಿ ಕೊರೆದ ಸರ್ವೆ ಗುರುತು ಕಂಡಿತು, ಒಂದರ ಮೇಲೊಂದು ಅಡ್ಡ ಹಾಯ್ದ ಎರಡು ಗೆರೆ.

"ನಿಮ್ಮ ಬಾಂದುಕಲ್ಲು ಇದೇ ಕಣಮ್ಮ."

ಐವರಿಗೆ ಒಬ್ಬ ಕಮ್ಮಿ ಬಿದ್ದ ಯಾವುದೋ ಹುಣ್ಣಿಮೆಯಲ್ಲಿ ಯಾರೋ ಹಿರಿಯರು, ಅವಳ ಅತ್ತೆಯೋ ಮೂರ್ತಪ್ಪನ ಅಪ್ಪನೋ, ಸಡಿಲವಾಗಿ ವಾಲಿದ್ದ ಕಲ್ಲನ್ನು ಕಿತ್ತು ತಂದು ಇಲ್ಲಿ ಕೂರಿಸಿರಬೇಕು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಕದ್ದವರು ಯಾರೂ ಇರಲಿಲ್ಲ. ಇದಕ್ಕಾಗಿ ಕಾಟಪ್ಪ ಅಷ್ಟು ಬಸ್ಸು ಹತ್ತಿ ಇಳಿದನಲ್ಲ ಎಂದು ನಿಂಗಕ್ಕನಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬರೀ ಸುಸ್ತಾಯಿತು.

"ಅಂಗಾರೆ ಇದನ್ನ ಹಿಡ್ಕಂಡೇ ಅಳೀರಿ," ಎಂದಳು.

"ಎದ್ದು ಓಡಾಡಿದ ಕಲ್ಲು ಲೆಕ್ಕಕ್ಕೆ ಬರಲ್ಲಮ್ಮ. ಹಳ್ಳದ ದಂಡೇಲಿ ಅಲುಗಾಡದ ಬಾಂದುಕಲ್ಲು ಒಂದೈತೆ. ಅಲ್ಲಿಂದ ಹಿಡಿದು ಬರ್ತೀನಿ."

ಹೊತ್ತು ಇಳಿಯುವಷ್ಟರಲ್ಲಿ ಗೂಟಗಳು ಬಿದ್ದವು. ಗಡಿ ಬನ್ನಿಮರಕ್ಕೂ ಇಟ್ಟಿಗೆ ಕಟ್ಟೆಗೂ ನಡುವೆ ಹಾದುಹೋಯಿತು. ಮರ ಅವಳದು. ಕಟ್ಟೆ ಮೂರ್ತಪ್ಪನದು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಮೂರ್ತಪ್ಪ ಗೆದ್ದೂ ಟವೆಲ್ಲಿನ ಅಂಚು ಸುರುಳಿ ಸುತ್ತುತ್ತಾ ನೆಲ ನೋಡುತ್ತಿದ್ದ.

"ತಕರಾರಿದ್ರೆ ಮೇಲೆ ಹೋಗ್ಬೌದಮ್ಮ," ಎಂದ ಮುರುಗೇಶಪ್ಪ.

"ಮೇಲಕ್ಕೆ ನಮ್ಮ ಯಜಮಾನ್ರು ಆಗ್ಲೇ ಹೋಗವ್ರೆ. ನಂಗೆ ಸಾಕು ಸ್ವಾಮಿ," ಎಂದು ನಿಂಗಕ್ಕ ಹೆಬ್ಬೆಟ್ಟು ಒತ್ತಿದಳು.

ಧರ್ಮರಾಯನನ್ನು ಕಿತ್ತು ಹೊಸ ಗಡಿಯಲ್ಲಿ, ಕಟ್ಟೆಯ ಎದುರಿಗೇ ಮತ್ತೆ ಬಾಂದುಕಲ್ಲಾಗಿ ನೆಟ್ಟರು.

ಬೇಲಿ ಎದ್ದಿತು. ಹುಣ್ಣಿಮೆಯೂ ಬಂತು. ನಿಂಗಕ್ಕ ನಾಲ್ವರು ಪಾಂಡವರಿಗೆ ಸುಣ್ಣ ಬಳಿದು, ಎಡೆ ಇಟ್ಟು, ಐದನೆಯ ಎಲೆಯನ್ನೂ ಸುಣ್ಣದ ಬಟ್ಟಲನ್ನೂ ಹಿಡಿದು ಬೇಲಿಯ ಹತ್ತಿರ ಬಂದಳು. ಆಚೆ ಕೆಂಚಕ್ಕ ಆಗಲೇ ಕೂತಿದ್ದಳು. ಈ ಸಲ ಅವಳು ಹೆಂಟೆ ಇಟ್ಟಿರಲಿಲ್ಲ. ಕೆಳತಂತಿಯ ಅಡಿಯಲ್ಲಿ ನಿಂತಿದ್ದ ಧರ್ಮರಾಯನ ಆ ಮಗ್ಗುಲು ಬೆಳ್ಳಗಾಗಿತ್ತು. ನಿಂಗಕ್ಕ ಕೂತು ಈ ಮಗ್ಗುಲು ಬಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಎಡೆಯಲ್ಲೂ ಅದೇ ಕಡುಬು, ಅದೇ ಕುಂಬಳಕಾಯಿ ಪಲ್ಯ.

ಕೆಂಚಕ್ಕ ಖಾಲಿ ಬಟ್ಟಲು ತೆಗೆದುಕೊಂಡು ಎದ್ದಳು. ನಿಂಗಕ್ಕನ ಬಟ್ಟಲಲ್ಲಿ ಸುಣ್ಣ ಇನ್ನೂ ಉಳಿದಿತ್ತು. ಕೆಂಚಕ್ಕನನ್ನು ಏನೂ ಕೇಳಬಾರದು ಎಂದುಕೊಂಡಿದ್ದಳು. ಆದರೆ ಬಿಗುಮಾನ ಹೊತ್ತು ತಿರುಗಲು ಅವಳಿಗೆ ಇನ್ನು ಆಗುತ್ತಿರಲಿಲ್ಲ. ಬಟ್ಟಲನ್ನು ತಂತಿಯ ಕೆಳಗೆ ಆಚೆ ಸರಿಸಿದಳು.

"ಅವರಿಗೂ ಒಂದೀಟು ಬಳಿಯವ್ವ."

ಕೆಂಚಕ್ಕ ಬಟ್ಟಲು ನೋಡಿದಳು, ಕಟ್ಟೆ ನೋಡಿದಳು. ಸೆರಗು ಸಿಕ್ಕಿಸಿಕೊಂಡು, ಬಟ್ಟಲೆತ್ತಿಕೊಂಡು ಹೋಗಿ ಕಟ್ಟೆಯ ಪಕ್ಕ ನಿಂತಳು. ಬೆರಳು ಸುಣ್ಣಕ್ಕೆ ಅದ್ದಿ, ತಿರುಗಿ ಕೇಳಿದಳು:

"ತಲೆ ಯಾ ಕಡೆ ಐತೆ, ನಿಂಗಕ್ಕ?"

ನಿಂಗಕ್ಕ ತಂತಿಯ ನಡುವೆ ಕೈ ತೂರಿಸಿ, ಸುಣ್ಣ ಹತ್ತಿದ ಬೆರಳಿನಿಂದ, ಬೇಲಿಗೆ ಹತ್ತಿರವಿದ್ದ ತುದಿಯನ್ನು ತೋರಿಸಿದಳು.