ಒಡೆಯಬಾರದ ಅಯಸ್ಕಾಂತ

ಹಾಸನದ ಹೊರಗಿನ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಲ್ಲಿ ಅಯಸ್ಕಾಂತದ ಕೋಣೆ ಎಂದರೆ ಧನಲಕ್ಷ್ಮಿಯ ಕೋಣೆ. ಐಟಿಐ ಮುಗಿಸಿ ಅಲ್ಲಿಗೆ ಸೇರಿದವಳು, ಕೊರವಂಗಲದಿಂದ ಬಸ್ಸಿನಲ್ಲಿ ಓಡಾಡಿಕೊಂಡೇ ಒಂಬತ್ತು ವರ್ಷ ಕಳೆದಿದ್ದಳು. ಪಶು ಆಹಾರದ ಗಿರಣಿಗಳಿಗೂ ಕಾಫಿ ಹದ ಮಾಡುವ ಘಟಕಗಳಿಗೂ ಬೇಕಾದ ಜಾಲರಿಗಳನ್ನು ಅಲ್ಲಿ ಮಾಡುತ್ತಿದ್ದರು. ಕಾಳಿನ ಜೊತೆ ಹರಿದು ಬರುವ ಮೊಳೆ, ನಟ್ಟು, ತಂತಿಯ ಚೂರುಗಳನ್ನು ಆ ಜಾಲರಿ ಸೆಳೆದು ಹಿಡಿದುಕೊಳ್ಳಬೇಕು. ಅದರೊಳಗೆ ಕೂರಿಸುವ ಅಯಸ್ಕಾಂತ ಶಾಲೆಯ ಮಕ್ಕಳು ಆಡುವಂಥದ್ದಲ್ಲ. ಸ್ನಾನದ ಸೋಪಿನಷ್ಟಿರುವ ಒಂದು ಬ್ಲಾಕು ಕಬ್ಬಿಣದ ತೊಲೆಗೆ ಕಚ್ಚಿಕೊಂಡರೆ, ಬೆಳೆದ ಗಂಡಸೊಬ್ಬ ಅದನ್ನು ಹಿಡಿದು ಜೋತಾಡಿದರೂ ಬಿಡುತ್ತಿರಲಿಲ್ಲ.

ಹಾಗಾಗಿ ಆ ಕೋಣೆಯಲ್ಲಿ ಮೇಜು ಮರದ್ದು, ಬೀರು ಮರದ್ದು, ಸುತ್ತಿಗೆ ಉಳಿಗಳು ಹಿತ್ತಾಳೆಯವು. ಒಳಗೆ ಬರುವವರು ಫೋನು, ಗಡಿಯಾರ, ಎಟಿಎಂ ಕಾರ್ಡು ಹೊರಗಿಟ್ಟು ಬರಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಬಾಗಿಲ ಹತ್ತಿರವೂ ಸುಳಿಯುವಂತಿರಲಿಲ್ಲ. ಬ್ಲಾಕುಗಳ ನಡುವೆ ದಪ್ಪ ಪ್ಲಾಸ್ಟಿಕ್ ಹಲಗೆ. ಒಂದು ಸಲಕ್ಕೆ ಒಂದೇ ಬ್ಲಾಕು ಬೀರುವಿನಿಂದ ಹೊರಗೆ ಬರಬೇಕು. ಅದು ಜಾಲರಿಯಲ್ಲಿ ಕೂತ ಮೇಲೆಯೇ ಇನ್ನೊಂದು. ಹೊಸಬರು ಬಂದಾಗ ಧನಲಕ್ಷ್ಮಿ ಮಾತಿನಲ್ಲಿ ಹೇಳುವುದಕ್ಕಿಂತ ಮೊದಲು ಎರಡು ಸಣ್ಣ ಬ್ಲಾಕುಗಳ ನಡುವೆ ಒಂದು ಕ್ಯಾರೆಟ್ ಇಟ್ಟು ತೋರಿಸುತ್ತಿದ್ದಳು. ಕ್ಯಾರೆಟ್ ಅಪ್ಪಚ್ಚಿಯಾಗಿ ರಸ ಚಿಮ್ಮಿದ ಮೇಲೆ ಯಾರೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ.

ಭೀಮನಿಗೂ ಹಾಗೆಯೇ ತೋರಿಸಿದ್ದಳು. ಇಪ್ಪತ್ನಾಲ್ಕರ ಹುಡುಗ, ರಾಮನಾಥಪುರದ ಹತ್ತಿರದ ಹಳ್ಳಿಯವನು. ಅವನ ತಾಯಿ ಮಾದಮ್ಮ, ಪುಟ್ಟರಾಜು ಎಂಬ ಜಮೀನ್ದಾರರ ಬಳಿ ಹೊಗೆಸೊಪ್ಪು ವಿಂಗಡಿಸುವ ಕೂಲಿ ಮಾಡುತ್ತಿದ್ದಳು. ಆ ಪುಟ್ಟರಾಜು ಅವರ ಮಗ ಸುದರ್ಶನನೇ ಕಾರ್ಖಾನೆಯ ಮ್ಯಾನೇಜರು. ಭೀಮನಿಗೆ ಕೆಲಸ ಸಿಕ್ಕಿದ್ದು ಆ ದಾರಿಯಲ್ಲಿ. ಅದನ್ನು ಸುದರ್ಶನ ವಾರಕ್ಕೊಮ್ಮೆಯಾದರೂ ಎಲ್ಲರೆದುರು ನೆನಪಿಸುತ್ತಿದ್ದ. ಭೀಮ ನಗುತ್ತಿದ್ದ. ಹತ್ತು ತಿಂಗಳಲ್ಲಿ ಅವನ ಕೈ ಎಷ್ಟು ಹದಕ್ಕೆ ಬಂದಿತ್ತೆಂದರೆ, ಬ್ಲಾಕನ್ನು ಎಳೆಯದೆ ಅಡ್ಡಕ್ಕೆ ಜಾರಿಸಿ ಬಿಡಿಸುವುದರಲ್ಲಿ ಧನಲಕ್ಷ್ಮಿಯ ನಂತರ ಅವನೇ ಎಂದು ಉಳಿದವರು ಒಪ್ಪಿಕೊಂಡಿದ್ದರು.

ಆ ವರ್ಷ ಚೀನಾದಿಂದ ಅಯಸ್ಕಾಂತ ಬರುವುದು ಕಷ್ಟವಾಗಿತ್ತು. ಬೀರುವಿನ ಅರ್ಧ ಖಾಲಿ. ಹೊಸ ನಮೂನೆಯ ದೊಡ್ಡ ಬ್ಲಾಕುಗಳು ಎರಡೇ ಎರಡು, ಅವೂ ಐದು ತಿಂಗಳು ಕಾದ ಮೇಲೆ ಬಂದು ತಲುಪಿದ್ದವು. ಅದೇ ವಾರ ಚನ್ನರಾಯಪಟ್ಟಣದ ಕಡೆ ದೊಡ್ಡ ಗಿರಣಿ ಹಾಕುತ್ತಿದ್ದವರು ನಾಲ್ಕು ಜನ ಕಾರ್ಖಾನೆ ನೋಡಲು ಬಂದರು. ಸುದರ್ಶನ ಅವರನ್ನು ನೇರ ಧನಲಕ್ಷ್ಮಿಯ ಕೋಣೆಗೆ ಕರೆದುಕೊಂಡು ಬಂದ. ಫೋನುಗಳನ್ನು ಹೊರಗಿಡಿ ಎಂದು ಅವಳು ಕೇಳಿಕೊಂಡದ್ದು ಅವನಿಗೆ ಹಿಡಿಸಲಿಲ್ಲ. ಇವರು ನಮ್ಮ ಹೆಡ್‌ಮಿಸ್ಸು ಎಂದು ಅತಿಥಿಗಳಿಗೆ ಪರಿಚಯಿಸಿದ. ಅವರು ನಕ್ಕರು.

ಹೊಸ ಬ್ಲಾಕಿನ ಶಕ್ತಿ ತೋರಿಸಬೇಕೆಂದು ಭೀಮನನ್ನು ಕರೆದ. ಭೀಮ ಒಂದನ್ನು ತಂದು, ದೂರದಿಂದ ಒಂದು ಕಬ್ಬಿಣದ ಸರಳನ್ನು ಹೇಗೆ ಸೆಳೆಯುತ್ತದೆ ಎಂದು ತೋರಿಸಿದ. ಅತಿಥಿಗಳಲ್ಲಿ ಒಬ್ಬ ಆಕಳಿಸಿದ. ಅದು ಸುದರ್ಶನನ ಕಣ್ಣಿಗೆ ಬಿತ್ತು.

"ಇನ್ನೊಂದ್ನೂ ತಗೊಂಬಾ," ಎಂದ. "ಎರಡು ಕೈಲೂ ಇಡ್ಕೊಂಡು ತೋರ್ಸು. ಗ್ಲೌಸ್ ಬಿಚ್ಚು, ಇವರಿಗೆ ಕಾಣ್ಲಿ."

ಧನಲಕ್ಷ್ಮಿ ಮುಂದೆ ಬಂದು, ಎರಡು ಒಟ್ಟಿಗೆ ಬೇಡ, ಈ ಅಳತೆಯದಕ್ಕೆ ಮೊಳ ದೂರವೂ ಸಾಲದು ಎಂದಳು. ಅವನು ಅವಳತ್ತ ತಿರುಗಲೇ ಇಲ್ಲ. ನಿಮ್ಮವ್ವ ನಮ್ಮನೆಲಿ ಯಾವತ್ತಾದರೂ ಒಂದು ಕೆಲಸಕ್ಕೆ ಆಗಲ್ಲ ಅಂದಿದ್ದಾಳೇನೋ ಎಂದು ಭೀಮನನ್ನು ಕೇಳಿದ, ತಮಾಷೆಯ ದನಿಯಲ್ಲಿ. ಭೀಮ ಧನಲಕ್ಷ್ಮಿಯ ಮುಖ ನೋಡಿದ. ಆಮೇಲೆ ಗ್ಲೌಸ್ ಬಿಚ್ಚಿ ಮೇಜಿನ ಮೇಲಿಟ್ಟು ಬೀರುವಿನ ಕಡೆ ಹೋದ.

ಎರಡನ್ನೂ ಅಂಗೈಯಲ್ಲಿ ಹಿಡಿದು ತೋಳು ಅಗಲಿಸಿ ನಿಂತವನು ಒಂದು ಗಳಿಗೆ ಚೆನ್ನಾಗಿಯೇ ನಿಂತಿದ್ದ. ಹತ್ತಿರ ತಾ, ಇನ್ನೂ ಹತ್ತಿರ ತಾ ಎಂದು ಸುದರ್ಶನ ಹೇಳುತ್ತಲೇ ಇದ್ದ. ಎಡಗೈಯ ಬ್ಲಾಕು ಹಾರಿದ್ದನ್ನು ಯಾರೂ ಕಾಣಲಿಲ್ಲ. ತೆಂಗಿನಕಾಯಿ ಒಡೆದಂಥ ಸದ್ದು ಮಾತ್ರ ಕೇಳಿತು. ಬಲಗೈಯ ತೋರುಬೆರಳು, ನಡುಬೆರಳು ಎರಡು ಬ್ಲಾಕುಗಳ ನಡುವೆ ಸಿಕ್ಕಿಕೊಂಡಿದ್ದವು. ಭೀಮ ಮೊದಲು ಕೂಗಲಿಲ್ಲ. ತನ್ನ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದ. ಆಮೇಲೆ ಮಂಡಿಯೂರಿದ.

ಧನಲಕ್ಷ್ಮಿ ಅವನ ಕೈಯನ್ನು ಮರದ ಮೇಜಿನ ಮೇಲೆ ಒರಗಿಸಿದಳು. ಅಡ್ಡಕ್ಕೆ ಜಾರಿಸಿದರೆ ಬೆರಳು ಕಿತ್ತು ಬರುತ್ತದೆ. ಆ ಬ್ಲಾಕು ಎಷ್ಟು ಬಲವೋ ಅಷ್ಟೇ ಪೆಡಸು. ಮೂಲೆಗೆ ಉಳಿ ಇಟ್ಟು ಒಂದೇಟು ಹಾಕಿದರೆ ಪಿಂಗಾಣಿಯ ಹಾಗೆ ಸೀಳುತ್ತದೆ, ಹಿಡಿತ ಸಡಿಲುತ್ತದೆ. ಚೂರು ಸಿಡಿಯುತ್ತವೆ, ಅದಕ್ಕೆ ಬಟ್ಟೆ ಮುಚ್ಚಿದರಾಯಿತು. ಅವಳು ತನ್ನ ಶಾಲನ್ನು ಅವನ ಕೈಗೆ, ಮುಖಕ್ಕೆ ಹೊದಿಸಿ, ಕನ್ನಡಕ ಹಾಕಿಕೊಂಡು ಉಳಿ ಇಟ್ಟಳು, ಸುತ್ತಿಗೆ ಎತ್ತಿದಳು.

"ಲೇ, ಒಡೀಬ್ಯಾಡ," ಎಂದ ಸುದರ್ಶನ. "ಇರೋದೇ ಎರಡು. ಬೆಣೆ ಹಾಕಿ ಬಿಡ್ಸು."

ಅವನೇನೂ ಕೂಗಿ ಹೇಳಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವ ದನಿ ಅದು. ಅತಿಥಿಗಳು ಗೋಡೆಗೆ ಅಂಟಿಕೊಂಡಿದ್ದರು. ಧನಲಕ್ಷ್ಮಿಯ ಕೈ ಮೇಲೆ ಹೋದದ್ದು ಹಾಗೇ ಕೆಳಗೆ ಬಂತು. ಅವಳು ಉಳಿ ಕೆಳಗಿಟ್ಟಳು. ಒಂಬತ್ತು ವರ್ಷ ಯಾರ ಮಾತು ಕೇಳಿ ಅಭ್ಯಾಸವಾಗಿತ್ತೋ ಆ ಅಭ್ಯಾಸ ಅವಳ ಕೈಯಲ್ಲಿತ್ತು.

ಮರದ ಬೆಣೆಗಳನ್ನು ಎರಡೂ ಕಡೆಯಿಂದ ಕೂದಲೆಳೆಯಷ್ಟೇ ತೂರಿಸಿ, ತಟ್ಟಿ, ಮತ್ತೆ ತೂರಿಸಿ ಬಿಡಿಸುವಷ್ಟರಲ್ಲಿ ಕಾಲು ಗಂಟೆ ಹಿಡಿಯಿತು. ಎರಡು ಸಲ ಬೆಣೆ ಮುರಿದು ಬ್ಲಾಕುಗಳು ಮತ್ತೆ ಕಚ್ಚಿಕೊಂಡವು. ಆ ಎರಡು ಸಲ ಭೀಮ ಹಾಕಿದ ಕೂಗು ಗೇಟಿನವರೆಗೆ ಕೇಳಿಸಿತಂತೆ. ಸುದರ್ಶನ ಅಷ್ಟರೊಳಗೆ ಅತಿಥಿಗಳನ್ನು ಕಾಫಿಗೆ ಕರೆದುಕೊಂಡು ಹೋಗಿದ್ದ. ಬ್ಲಾಕುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸಂಜೆ ಅವನು ಅವನ್ನು ಸ್ಪಿರಿಟ್ಟಿನಲ್ಲಿ ಒರೆಸಿಸಿ, ನಡುವೆ ಹಲಗೆ ಇಡಿಸಿ, ಬೀರುವಿಗೆ ಸೇರಿಸಿದ.

ಆಸ್ಪತ್ರೆಯಲ್ಲಿ ಎರಡು ಬೆರಳೂ ಹೋದವು. ಡ್ಯೂಟಿಯಲ್ಲಿದ್ದ ಡಾಕ್ಟರು ಚೀಟಿ ಬರೆಯುತ್ತಾ, ಬೇಗ ಬಿಡಿಸಿದ್ದರೆ ತೋರುಬೆರಳು ಉಳಿಯುತ್ತಿತ್ತೇನೋ ಎಂದರು. ಅವರು ಯಾರನ್ನೂ ದೂರಿ ಹೇಳಿದ ಮಾತಲ್ಲ ಅದು. ಆದರೆ ಧನಲಕ್ಷ್ಮಿ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದಳು. ಅನ್ನ ಕಲಸುವಾಗ, ಮಗಳು ಕವನಾಳಿಗೆ ಜಡೆ ಹೆಣೆಯುವಾಗ ತನ್ನ ಬೆರಳುಗಳೇ ಅವಳಿಗೆ ಅಸಹ್ಯವಾದವು.

ಹದಿನೈದು ದಿನಕ್ಕೆ ಕಂಪನಿಯವರು ವಿಚಾರಣೆ ಇಟ್ಟರು. ಚನ್ನಬಸವಯ್ಯ ಎಂಬ ವಕೀಲರು ಹೊಳೆನರಸೀಪುರದಿಂದ ಬಂದಿದ್ದರು. ಹಿಂದಿನ ದಿನ ಸುದರ್ಶನ ಅವಳನ್ನು ಕರೆದು, ಹುಡುಗ ತಾನೇ ಆಟವಾಡಲು ಹೋಗಿ ಕೈ ಸಿಕ್ಕಿಸಿಕೊಂಡ ಎಂದು ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು ಎಂದಿದ್ದ. ಅವಳು ಬರೆದುಕೊಡದೆ ಬಂದಿದ್ದಳು. ವಕೀಲರೆದುರು ನಡೆದದ್ದನ್ನು ನಡೆದಂತೆ ಹೇಳಿದಳು: ಎರಡು ಬ್ಲಾಕು ತರಿಸಿದ್ದು ಯಾರು, ಗ್ಲೌಸ್ ಬಿಚ್ಚಿಸಿದ್ದು ಯಾರು, ಒಡೆಯಬೇಡ ಎಂದದ್ದು ಯಾರು. ತನ್ನ ಪಾಲನ್ನೂ ಬಿಡಲಿಲ್ಲ.

"ನಾನು ಉಳಿ ಕೆಳಗಿಟ್ಟೆ ಸಾ. ಅದು ನನ್ನ ತಪ್ಪು. ಒಡ್ದಿದ್ರೆ ಒಂದು ಬೆರಳಾದ್ರೂ ಉಳೀತಿತ್ತು."

ಚನ್ನಬಸವಯ್ಯನವರು ಆ ವಾಕ್ಯವನ್ನು ನಿಧಾನವಾಗಿ ಬರೆದುಕೊಂಡು, ಅವಳಿಗೆ ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಮಿಕ್ಕದ್ದಕ್ಕೆ ಸಾಕ್ಷಿ ಬೇಕಲ್ಲ ಎಂದರು. ಅತಿಥಿಗಳು ತಮಗೇನೂ ಸರಿಯಾಗಿ ಕಾಣಲಿಲ್ಲ ಎಂದು ಬರೆದು ಕಳಿಸಿದ್ದರು. ಇನ್ನು ಉಳಿದವನು ಭೀಮ. ಅವನ ಹೇಳಿಕೆ ಮೂರು ದಿನ ಮೊದಲೇ ಆಸ್ಪತ್ರೆಯಲ್ಲಿ ಆಗಿಹೋಗಿತ್ತು. ಅದನ್ನು ವಕೀಲರು ಅವಳಿಗೆ ಓದಿದರು. ಬ್ಲಾಕುಗಳನ್ನು ಒಟ್ಟಿಗೆ ಹಿಡಿಯಲು ಹೇಳಿದ್ದು ಕೋಣೆಯ ಉಸ್ತುವಾರಿ ಧನಲಕ್ಷ್ಮಿ. ಕೈ ಸಿಕ್ಕಿಕೊಂಡಾಗ ಬ್ಲಾಕು ಹಾಳಾದೀತೆಂದು ಒಡೆಯದೆ ತಡ ಮಾಡಿದ್ದೂ ಅವರೇ. ಕೆಳಗೆ ಎಡಗೈ ಹೆಬ್ಬೆಟ್ಟು.

ಅವಳು ಆ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದಳು. ಭೀಮ ಪಿಯುಸಿ ಓದಿದವನು. ಸೊಟ್ಟಪಟ್ಟ ಆದರೂ ಎಡಗೈಯಲ್ಲಿ ಹೆಸರು ಬರೆಯಬಹುದಿತ್ತು ಎಂಬ ಒಂದೇ ಯೋಚನೆ ಅವಳಿಗೆ ಬಂತು.

ಕೆಲಸದಿಂದ ತೆಗೆದ ಕಾಗದ ಮುಂದಿನ ತಿಂಗಳು ಬಂತು. ಕಡೆಯ ದಿನ ಅವಳು ಬೀರುವಿನ ಬೀಗದ ಕೈಯನ್ನು ಹೊಸದಾಗಿ ಬಂದ ಮನು ಎಂಬ ಹುಡುಗನಿಗೆ ಕೊಟ್ಟು, ತನಗೆ ತಿಳಿದದ್ದನ್ನೆಲ್ಲ ಅವನಿಗೆ ಹೇಳಲು ಕೂತಳು. ಹಲಗೆ ಯಾಕೆ, ಬಿಸಿ ತಾಗಿದರೆ ಶಕ್ತಿ ಹೇಗೆ ಸೋರುತ್ತದೆ, ತೂತು ಕೊರೆದರೆ ಪುಡಿ ಹೇಗೆ ಬೆಂಕಿ ಹಿಡಿಯುತ್ತದೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಇವಳ ಜೊತೆ ಹೆಚ್ಚು ಮಾತಾಡಬೇಡ ಎಂದು ಅವನಿಗೆ ಹೇಳಿ ಕಳಿಸಿದ್ದರು.

ಗೇಟಿನಲ್ಲಿ ಭೀಮ ಕೂತಿದ್ದ. ನೀಲಿ ಸಮವಸ್ತ್ರ, ಹೊಸ ಬೂಟು, ತೊಡೆಯ ಮೇಲೆ ಬಿಳಿ ಪಟ್ಟಿ ಸುತ್ತಿದ ಕೈ. ಹೊರಗೆ ಹೋಗುವವರ ಚೀಲ ನೋಡುವ ಕೆಲಸ ಅವನದ್ದು. ಅವಳನ್ನು ಕಂಡು ಎದ್ದು ನಿಂತ. ಹಳೆಯ ಮರ್ಯಾದೆ ಮೈಯಲ್ಲಿ ಉಳಿದಿತ್ತು.

ಅವಳು ನೋವು ಹೇಗಿದೆ ಎಂದು ಕೇಳಿದಳು. ಇಲ್ಲದ ಬೆರಳು ಕೆರೆಯುತ್ತದೆ ಎಂದ. ಅವಳಿಗೆ ಅಳು ಬಂತು. ತಡ ಮಾಡಿದ್ದು ತಾನೇ ಎಂದು ನಿಜವಾಗಿಯೂ ಅವನಿಗೆ ಅನಿಸಿದೆಯೋ ಏನೋ ಎಂಬ ಸಂಶಯ ಅವಳನ್ನು ತಿಂಗಳಿಂದ ತಿನ್ನುತ್ತಿತ್ತು. ನೋವಿನಲ್ಲಿ ಅವನಿಗೆ ಬೇರೆ ಯಾರ ಮಾತೂ ಕೇಳಿಸದೆ, ಉಳಿ ಕೆಳಗಿಟ್ಟ ತನ್ನ ಕೈ ಒಂದೇ ಕಂಡಿರಬಹುದು. ಹಾಗಿದ್ದರೆ ಆ ಕಾಗದ ಸುಳ್ಳಲ್ಲ.

"ಒಡ್ದು ಬಿಡಿಸ್ಬೇಕಾಗಿತ್ತು ಕಣಪ್ಪ. ಅವರ ಮಾತು ಕೇಳ್ಬಾರ್ದಿತ್ತು," ಎಂದಳು.

ಭೀಮ ರಸ್ತೆಯ ಕಡೆ ನೋಡಿದ.

"ನಂಗೆಲ್ಲಾ ಗೊತ್ತು ಕಣಕ್ಕ. ಒಡೀಬ್ಯಾಡ ಅಂದಿದ್ದು ಯಾರು ಅಂತ ಕಿವಿಯಾರೆ ಕೇಳಿವ್ನಿ. ಅವರೆಸ್ರು ಬರ್ಸಿದ್ರೆ ಅವ್ವುಂಗೆ ಅಲ್ಲಿ ಕೂಲಿ ಇಲ್ಲ, ನಂಗೆ ಇಲ್ಲಿ ಈ ಕುರ್ಚಿ ಇಲ್ಲ. ನಿಮ್ಮೆಸ್ರು ಬರ್ಸಿದ್ರೆ ಏನೂ ಆಗಲ್ಲ ಅಂತ ಬರ್ಸ್ದೆ."

ಅವನು ಅದನ್ನು ಕೆಡುಕಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳುವಂತೆ ಹೇಳಿದ. ಹೇಳಿ, ಕಂಬದ ಮೇಲಿನ ಕ್ಯಾಮೆರಾವನ್ನು ಕಣ್ಣಿನಲ್ಲೇ ತೋರಿಸಿ, ಎಡಗೈ ಚಾಚಿದ.

"ಚೀಲ ತಗೀರಿ ಅಕ್ಕ. ನೋಡ್ಬೇಕು."

ಅವಳು ಚೀಲದ ಜಿಪ್ಪು ಎಳೆದು ಅವನ ಮುಂದೆ ಹಿಡಿದಳು. ಅವನು ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಲು ನೋಡಿದ. ಒಂದು ಕೈಯಲ್ಲಿ ಆಗಲಿಲ್ಲ. ಧನಲಕ್ಷ್ಮಿಯೇ ಬಿಚ್ಚಿ ತೋರಿಸಿದಳು. ಖಾಲಿ ಡಬ್ಬಿಯ ತಳ ನೋಡಿ ಅವನು ತಲೆಯಾಡಿಸಿದ, ಪುಸ್ತಕದಲ್ಲಿ ಸಹಿ ಹಾಕಲು ಹೇಳಿದ. ಅವಳು ಸಹಿ ಹಾಕಿದಳು. ಹೊರಗೆ ಬಸ್ಸು ಬಂದು ನಿಂತಿತ್ತು. ಕೂರಲು ಜಾಗ ಇರಲಿಲ್ಲ, ಕೊರವಂಗಲದವರೆಗೂ ನಿಂತೇ ಹೋದಳು.