ಬಾಡಿಗೆ ಸ್ಟೂಲು

ಗರಿಗರಿ ಅಕ್ಕನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಎರಡು ತಿಂಗಳಿಂದ ಅವಳ ಜಡೆಯನ್ನು ಮಗಳೇ ಹೆಣೆಯುತ್ತಿದ್ದಳು. ಚಿಕ್ಕಂದಿನಲ್ಲಿ ಅಮ್ಮ ಸಿಕ್ಕು ಬಿಡಿಸಿದ ಸೇಡನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದಳು.

ದೊಡ್ಡದೊಂದು ಲಾಂಡ್ರಿಯಲ್ಲಿ ಅಕ್ಕನದು ಇಸ್ತ್ರಿ ಕೆಲಸ. ಅವಳ ಕೈಯಿಂದ ಬಂದ ಅಂಗಿ ತಾನೇ ಎದ್ದು ನಡೆಯುವಷ್ಟು ಗರಿಗರಿ. ಆ ಹೆಸರು ಬಂದದ್ದೇ ಹಾಗೆ. ಅಲ್ಲಿ ಹದಿನಾಲ್ಕು ಹೆಂಗಸರು. ದಿನಕ್ಕೆ ಹತ್ತು ಗಂಟೆ ದುಡಿತ, ಪೂರ್ತಿ ನಿಂತೇ. ಯಾರಾದರೂ ಗೋಡೆಗೆ ಒರಗಿದರೆ ಸಾಕು, ಮೇಸ್ತ್ರಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಬೀದಿ ತುದಿಯ ಸಣ್ಣ ಆಸ್ಪತ್ರೆಯ ಡಾಕ್ಟರು ಒಳ್ಳೆಯವರೇ. ಆದರೆ ಒಬ್ಬೊಬ್ಬರಿಗೆ ಮೂರೇ ನಿಮಿಷ. ಅಕ್ಕ ತೋಳು ತೋರಿಸುವಷ್ಟರಲ್ಲಿ ಮಾತ್ರೆ ಚೀಟಿ ಸಿದ್ಧವಾಗಿರುತ್ತಿತ್ತು. ಭುಜಕ್ಕೆ ವಿಶ್ರಾಂತಿ ಕೊಡಿ ಎನ್ನುತ್ತಿದ್ದರು. ಭುಜವನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದು ಹೇಗೆಂದು ಕೇಳಲು ಮಾತ್ರ ಸಮಯ ಉಳಿಯುತ್ತಿರಲಿಲ್ಲ.

ಒಂದು ದಿನ ಆಸ್ಪತ್ರೆಯ ಜಗಲಿಯಲ್ಲಿ ಕನ್ನಡಕದ ಹೆಣ್ಣುಮಗಳೊಬ್ಬಳು ಕೂತಿದ್ದಳು. ವಿಶ್ವವಿದ್ಯಾಲಯದವಳು. ಸೊಂಟ, ಕೀಲು, ಕುತ್ತಿಗೆ ನೋವಿನವರಿಗೆ ಇಂಥ ಸಣ್ಣ ಆಸ್ಪತ್ರೆಗಳಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಅವಳ ಸಂಶೋಧನೆ. ಹೆಂಗಸರು ಅವಳಿಗೆ ನೋವಿನ ಮೇಡಂ ಎಂದು ಹೆಸರಿಟ್ಟರು.

"ಸೊನ್ನೆಯಿಂದ ಹತ್ತರವರೆಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡ್ತೀರಿ?" ಎಂದಳು ಮೇಡಂ.

"ಶಾಲೇಲಿ ನನಗೆ ಯಾರೂ ಹತ್ತು ಕೊಟ್ಟಿರಲಿಲ್ಲ. ಈಗ ನಾನೇ ಕೊಟ್ಕೋತೀನಿ, ಬರ್ಕೊಳ್ಳಿ," ಎಂದಳು ಅಕ್ಕ.

ಒಂದೇ ಲಾಂಡ್ರಿಯಿಂದ ಹದಿನಾಲ್ಕು ಬಲಭುಜಗಳು ಬಂದದ್ದು ಮೇಡಂ ಕಣ್ಣಿಗೆ ಬಿತ್ತು. ಕೆಲಸದ ಜಾಗ ನೋಡಬೇಕೆಂದು ಮಾಲೀಕನನ್ನು ಕೇಳಿದಳು. ಧಾರಾಳವಾಗಿ ಬನ್ನಿ, ಬುಧವಾರ ಬನ್ನಿ ಎಂದ ಅವನು.

ಬುಧವಾರ ಬೆಳಗ್ಗೆ ಬಾಡಿಗೆ ವ್ಯಾನಿನಿಂದ ಹದಿನಾಲ್ಕು ಸ್ಟೂಲುಗಳು ಇಳಿದವು. ಮೇಸ್ತ್ರಿ ಎಲ್ಲರನ್ನೂ ಕೂರಿಸಿದ. ಅಭ್ಯಾಸವಿಲ್ಲದ ಒಬ್ಬಳು ಜಾರಿ ಬಿದ್ದಳು. ತುಟಿ ಬಿಚ್ಚಿದವರಿಗೆ ನಾಳೆ ಕೆಲಸವಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಮೇಡಂ ಬಂದಳು, ನೋಡಿದಳು, ಮೆಚ್ಚಿ ಬರೆದುಕೊಂಡು ಹೋದಳು. ಸಂಜೆ ಅದೇ ವ್ಯಾನು ಸ್ಟೂಲುಗಳನ್ನು ಹೇರಿಕೊಂಡು ಹೋಯಿತು.

ಮೂರು ತಿಂಗಳ ನಂತರ, ಒಂದು ಭಾನುವಾರ ಆಸ್ಪತ್ರೆಯ ಹಾಲ್‌ನಲ್ಲಿ ಸಭೆ. ವರದಿ ಅಚ್ಚಿಗೆ ಹೋಗುವ ಮೊದಲು ನೋವಿನವರಿಗೇ ಓದಿ ಹೇಳಬೇಕು ಎಂಬುದು ಮೇಡಂ ಹಟ. ಮಾಲೀಕ ಮುಂದಿನ ಸಾಲಿನಲ್ಲಿದ್ದ, ಅಕ್ಕನೇ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮೇಡಂ ಓದುತ್ತಾ ಹೋದಳು. ಡಾಕ್ಟರಿಗೆ ಸಮಯ ಸಾಲದು ಎಂದಾಗ ಡಾಕ್ಟರೇ ತಲೆಯಾಡಿಸಿದರು. ಆಮೇಲೆ ಆ ಸಾಲು ಬಂತು: ಲಾಂಡ್ರಿಯಲ್ಲಿ ಕೂರುವ ಸೌಕರ್ಯ ಚೆನ್ನಾಗಿದೆ; ಮೈ ಬಗ್ಗಿಸುವ ರೀತಿಯನ್ನು ಹೆಂಗಸರೇ ತಿದ್ದಿಕೊಳ್ಳಬೇಕು.

ಅಕ್ಕನಿಗೆ ಮೊದಲು ನಗು ಬಂತು. ಹಿಂದೆಯೇ ಸಿಟ್ಟು ಬಂತು. ಲಾಂಡ್ರಿಯವನ ಮೋಸ ಇನ್ನು ನಿಜವೆಂದೇ ಅಚ್ಚಾಗಿ ಹೋಗುತ್ತದೆ, ನೋವಿನ ತಪ್ಪು ನೋವಿನವರ ತಲೆಗೇ ಬರುತ್ತದೆ ಅನ್ನಿಸಿತು. ನಾಳೆಯ ಕೆಲಸವೂ ನೆನಪಾಯಿತು. ಆದರೂ ಎದ್ದು ನಿಂತಳು.

"ಕೂತ್ಕೊಳ್ಳಮ್ಮ," ಎಂದ ಮಾಲೀಕ.

"ಬೇಡ ಸ್ವಾಮಿ. ನೀವು ನಮ್ಮನ್ನ ಕೂರಿಸಿದ್ದು ಆ ಬುಧವಾರ ಒಂದೇ ದಿನ. ಸ್ಟೂಲುಗಳು ಸಂಜೆಗೇ ವಾಪಸ್ ಹೋದ್ವು. ಮೇಡಂ, ಅದನ್ನೂ ಬರ್ಕೊಳ್ಳಿ."

ಹಿಂದೆ ಕುರ್ಚಿಗಳು ಸರಿದ ಸದ್ದಾಯಿತು. ಅಂದು ಜಾರಿ ಬಿದ್ದವಳು ಮೊದಲು ಎದ್ದಳು, ಆಮೇಲೆ ಉಳಿದ ಹನ್ನೆರಡೂ ಜನ. ಮೇಡಂ ಮುಖ ಕೆಂಪಾಯಿತು. ನನ್ನ ಕಣ್ಣಿಗೆ ಮಣ್ಣೆರಚಿದರು, ನಾನೂ ಹೇಳದೆ ಬರಬೇಕಿತ್ತು ಎಂದು ಎಲ್ಲರೆದುರೇ ಒಪ್ಪಿಕೊಂಡಳು. ಆ ಸಾಲನ್ನು ಉದ್ದಕ್ಕೆ ಹೊಡೆದುಹಾಕಿ, ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು. ಡಾಕ್ಟರೂ ಎದ್ದು ಅಕ್ಕನ ಪಕ್ಕ ಬಂದು ನಿಂತರು. ಹಾಲ್‌ನಲ್ಲಿ ಕೂತಿದ್ದವನು ಮಾಲೀಕ ಒಬ್ಬನೇ.

ವರದಿಯ ಹೆದರಿಕೆಗೆ ಸೋಮವಾರ ಲಾಂಡ್ರಿಗೆ ಸ್ಟೂಲುಗಳು ಬಂದವು. ಹೊಸವೇ. ಆದರೆ ಎಣಿಸಿದರೆ ಒಂಬತ್ತು. ಸದ್ಯಕ್ಕೆ ಸುಧಾರಿಸಿಕೊಳ್ಳಿ, ಸರದಿಯಲ್ಲಿ ಕೂತುಕೊಳ್ಳಿ ಎಂದ ಮೇಸ್ತ್ರಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತು ಸ್ಟೂಲುಗಳನ್ನು ಒತ್ತೊತ್ತಾಗಿ ಜೋಡಿಸಿ, ಹದಿನಾಲ್ಕೂ ಜನ ತೋಳಿಗೆ ತೋಳು ತಾಗಿಸಿ ಕೂತರು. ಕೈಯಾಡಿಸಲು ಜಾಗವಿಲ್ಲ. ಇಸ್ತ್ರಿಪೆಟ್ಟಿಗೆಗಳು ಮೇಜಿನ ಮೇಲೆ ತಣ್ಣಗಾಗುತ್ತಿದ್ದವು.

"ಕೆಲಸ ಯಾವಾಗ ಶುರು?" ಮೇಸ್ತ್ರಿ ಕೇಳಿದ.

"ಇನ್ನೈದು ಬಂದ ತಕ್ಷಣ," ಎಂದು ಅಕ್ಕ ಇನ್ನೂ ಆರಾಮವಾಗಿ ಕೂತಳು.